ಪದಚರ್ಚೆ: ಬ್ಯಾಸ್ಕೆಟ್‌ಬಾಲ್ ‘ಟ್ರೇಡ್’ಗೆ ‘ಸಾಟಿ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಬಾಸ್ಟನ್ ಸೆಲ್ಟಿಕ್ಸ್‌ನಿಂದ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಅವರನ್ನು ತರಿಸಿಕೊಂಡಿತಲ್ಲ, ಆ ವ್ಯವಹಾರ ಮತ್ತು ಅದರ ಮೇಲೆ ಅಭಿಮಾನಿಗಳು ಇಂದಿಗೂ ಹೂಡುವ ವಾದವೇ ಲೇಖನದ ವಸ್ತು. ಆಟವನ್ನು ಬಣ್ಣಿಸಲು ಪದಗಳ ಕೊರತೆಯಾಗಲಿಲ್ಲ. ಕೊಟ್ಟದ್ದು ತಂದದ್ದರ ಲೆಕ್ಕಕ್ಕೆ ಬಂದಾಗ ಸಾಲು ಸಾಲಿಗೂ ಲೇಖನಿ ನಿಲ್ಲುತ್ತಿದೆ. ನನಗೆ ತೋಚಿದ್ದನ್ನು ಮುಂದಿಡುತ್ತೇನೆ, ಒಪ್ಪದವರು ದಯವಿಟ್ಟು ಖಂಡಿಸಿ.

ಮೊದಲು ಸಂಗತಿ. 2013ರ ಜೂನ್ 27, ಹೊಸ ಆಟಗಾರರನ್ನು ತಂಡಗಳು ಸಾಲಾಗಿ, ಹೆಚ್ಚು ಸೋತವರು ಸಾಮಾನ್ಯವಾಗಿ ಮೊದಲು, ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್ ನಡೆದ ರಾತ್ರಿ. ಡ್ರಾಫ್ಟ್ ಬ್ರೂಕ್ಲಿನ್ ತಂಡದ ಸ್ವಂತ ಅಂಗಳವಾದ ಬಾರ್ಕ್ಲೇಸ್ ಸೆಂಟರ್‌ನಲ್ಲೇ ನಡೆಯುತ್ತಿತ್ತು. ಅಂದೇ ಸುದ್ದಿ ಹೊರಬಿತ್ತು, ಜುಲೈನಲ್ಲಿ ಕಾಗದಪತ್ರ ಮುಗಿಯಿತು. ಬ್ರೂಕ್ಲಿನ್‌ಗೆ ಬಂದವರು 37 ವರ್ಷದ ಗಾರ್ನೆಟ್, 35 ವರ್ಷದ ಪಿಯರ್ಸ್, ಅದೇ ವಯಸ್ಸಿನ ಜೇಸನ್ ಟೆರಿ, ಜತೆಗೆ ಡಿ.ಜೆ. ವೈಟ್. ಬಾಸ್ಟನ್‌ಗೆ ಹೋದದ್ದು ಐವರು ಆಟಗಾರರು, 2014, 2016 ಮತ್ತು 2018ರ ಡ್ರಾಫ್ಟ್‌ಗಳಲ್ಲಿ ಬ್ರೂಕ್ಲಿನ್‌ಗೆ ಸಲ್ಲಬೇಕಿದ್ದ ಮೊದಲ ಸುತ್ತಿನ ಆಯ್ಕೆಗಳು, ಹಾಗೂ 2017ರಲ್ಲಿ ಎರಡೂ ತಂಡಗಳ ಆಯ್ಕೆಗಳನ್ನು ಬೇಕೆನಿಸಿದರೆ ಬದಲಿಸಿಕೊಳ್ಳುವ ಹಕ್ಕು.

ಹೀಗೆ ತಂಡಗಳು ತಮ್ಮ ಆಟಗಾರರನ್ನು ಕೊಟ್ಟು ಎದುರಿನವರನ್ನು ತರುವುದಕ್ಕೆ ಇಂಗ್ಲಿಷಿನಲ್ಲಿ ‘ಟ್ರೇಡ್’ ಎನ್ನುತ್ತಾರೆ. ಇದನ್ನು ಕನ್ನಡದಲ್ಲಿ ಏನೆನ್ನಬೇಕು? ಐಪಿಎಲ್ ವರದಿಗಳು ಕಲಿಸಿದ ‘ಬಿಕರಿ’ ಇಲ್ಲಿ ಸಲ್ಲದು. ಅದು ಹರಾಜಿನ ಮಾತು, ಹಣ ಎಣಿಸಿ ಕೊಂಡದ್ದಕ್ಕೆ ಹೇಳುವಂಥದ್ದು. ನಮ್ಮ ರಾಬಿನ್ ಉತ್ತಪ್ಪ 2021ರ ಜನವರಿಯಲ್ಲಿ, 35ರ ವಯಸ್ಸಿನಲ್ಲಿ, ರಾಜಸ್ಥಾನದಿಂದ ಚೆನ್ನೈಗೆ ಹೋದದ್ದು ಹಣದ ಮೇಲೆ ಮಾತ್ರ, ಬದಲಿಗೆ ಯಾವ ಆಟಗಾರನೂ ಆ ಕಡೆ ಹೋಗಲಿಲ್ಲ. ಅಂಥ ಕಡೆ ಮನುಷ್ಯರಿಗೆ ಬಿಕರಿ ಎನ್ನುವುದು ಕಿವಿಗೆ ಒಡ್ಡೊಡ್ಡಾದರೂ ಅರ್ಥ ಕೆಡುವುದಿಲ್ಲ. (ಆ ವರ್ಷ ಡೆಲ್ಲಿ ವಿರುದ್ಧದ ಮೊದಲ ಕ್ವಾಲಿಫೈಯರ್‌ನಲ್ಲಿ ಅವರು 63 ರನ್ ಹೊಡೆದು, ಚೆನ್ನೈ ಕಪ್ ಗೆದ್ದಾಗ, ‘ಮುದುಕರ ತಂಡ’ ಎಂದು ಹೀಗಳೆದವರು ಎಲ್ಲಿ ಅಡಗಿದರೋ ತಿಳಿಯದು.)

‘ವರ್ಗಾವಣೆ’ ಫುಟ್‌ಬಾಲ್ ಸುದ್ದಿಗಳಲ್ಲಿ ಬೇರೂರಿದ ಪದ. ನಮ್ಮ ಬ್ಯಾಂಕು, ರೈಲ್ವೆ ತಂಡಗಳಲ್ಲಿ ಆಡಿದವರನ್ನು ಬಲ್ಲವರಿಗೆ ಈ ಪದ ಕೇಳಿದೊಡನೆ ಆದೇಶಪತ್ರ ಕಣ್ಣೆದುರು ಬರುತ್ತದೆ. ತಕರಾರು ಅದಲ್ಲ. ಫುಟ್‌ಬಾಲ್‌ನಲ್ಲಿ ಹೊಸ ಕ್ಲಬ್ಬಿನೊಡನೆ ಆಟಗಾರ ತಾನೇ ಕೂತು ಹೊಸ ಕರಾರು ಮಾಡಿಕೊಳ್ಳಬೇಕು. ಎನ್‌ಬಿಎಯಲ್ಲಿ ಹಳೆಯ ಕರಾರೇ ಇದ್ದ ಹಾಗೆ ಕೈದಾಟುತ್ತದೆ, ಬಹುಪಾಲು ಆಟಗಾರರನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಗಾರ್ನೆಟ್ ಮಾತ್ರ ಅಪರೂಪದವರು. ತಮ್ಮನ್ನು ಒಪ್ಪಿಗೆಯಿಲ್ಲದೆ ಬೇರೆಡೆ ಕಳುಹಿಸಕೂಡದೆಂಬ ಷರತ್ತು ಅವರ ಕರಾರಿನಲ್ಲಿತ್ತು. ಅವರು ಹೂಂ ಎಂದ ಮೇಲೆಯೇ ಈ ವ್ಯವಹಾರ ಕುದುರಿತು.

ಕರಾರು ಕೈದಾಟುತ್ತದೆ ಎಂದರೆ ‘ಕೈಬದಲು’ ಎಂದುಬಿಡೋಣವೇ ಎಂದು ಒಂದು ಗಳಿಗೆ ಆಸೆಯಾಯಿತು. ಆದರೆ ಕೈಬದಲು ಎಂದರೆ ನೆರೆಮನೆಯವರಿಂದ ಪಡೆದ ಕೈಗಡ, ನಾಲ್ಕು ದಿನದಲ್ಲಿ ವಾಪಸು ಕೊಡುವಂಥದ್ದು. ಬ್ರೂಕ್ಲಿನ್ ಕೊಟ್ಟದ್ದು ಯಾವುದೂ ವಾಪಸು ಬರಲಿಲ್ಲ. ‘ಅದಲುಬದಲು’ ಎಂದರೆ ಆಸ್ಪತ್ರೆಯಲ್ಲಿ ಕೂಸು, ಮದುವೆಮನೆಯಲ್ಲಿ ಚಪ್ಪಲಿ, ಅಂದರೆ ಕಣ್ತಪ್ಪಿ ಆದದ್ದು ಎಂಬ ಛಾಯೆ. ‘ವಿನಿಮಯ’ ತಪ್ಪೇನಲ್ಲ. ಆದರೆ ವಿದೇಶಿ ವಿನಿಮಯ, ವಿಚಾರ ವಿನಿಮಯ, ದೂರವಾಣಿ ವಿನಿಮಯ ಕೇಂದ್ರ ಎಂದು ಸವೆದು ಸವೆದು ಅದರಲ್ಲಿ ಚೌಕಾಸಿಯ ಬಿಸಿ ಉಳಿದಿಲ್ಲ.

ನನ್ನ ಒಲವು ‘ಸಾಟಿ’ಯ ಕಡೆಗೆ. ಸರಿಸಮ ಎಂಬ ಅರ್ಥ ಎಲ್ಲರ ನಾಲಗೆಯಲ್ಲೂ ಇದೆ. ಸರಕಿಗೆ ಸರಕು ಕೊಡುವುದು ಎಂಬ ಅರ್ಥ ‘ಸಾಟಿ ವ್ಯಾಪಾರ’ದಲ್ಲಿ ಉಳಿದುಕೊಂಡಿದೆ. ಎನ್‌ಬಿಎಯ ನಿಯಮಕ್ಕೆ ಈ ಎರಡು ಅರ್ಥಗಳೂ ಒಟ್ಟಿಗೆ ಬೇಕು. ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯನ್ನು ಮೀರಿದ ತಂಡ ಆಟಗಾರರನ್ನು ತರಿಸಿಕೊಳ್ಳುವಾಗ, ಬರುವವರ ಸಂಬಳವೂ ಹೋಗುವವರ ಸಂಬಳವೂ ಹೆಚ್ಚುಕಡಿಮೆ ಸರಿದೂಗಬೇಕು. ಬಾಸ್ಟನ್‌ಗೆ ಜೆರಾಲ್ಡ್ ವಾಲೇಸ್, ಕ್ರಿಸ್ ಹಂಫ್ರೀಸ್ ಹೋದದ್ದು ಅವರ ಆಟದ ಚಂದಕ್ಕಲ್ಲ. ಹಂಫ್ರೀಸ್ ಸಂಬಳ 1.2 ಕೋಟಿ ಡಾಲರ್, ಲೆಕ್ಕಕ್ಕೆ ಒದಗಿತು, ಅಷ್ಟೆ. ಇನ್ನೂ ಸ್ವಾರಸ್ಯವೆಂದರೆ ಕೀತ್ ಬೋಗನ್ಸ್. ಹಿಂದಿನ ವರ್ಷ ಕನಿಷ್ಠ ವೇತನಕ್ಕೆ ಆಡಿದ್ದ ಈ ಆಟಗಾರನಿಗೆ ಬ್ರೂಕ್ಲಿನ್ ವರ್ಷಕ್ಕೆ 50 ಲಕ್ಷ ಡಾಲರ್ ಆಸುಪಾಸಿನ ಹೊಸ ಕರಾರು ಬರೆದುಕೊಟ್ಟು, ಮರುಗಳಿಗೆಯೇ ಬಾಸ್ಟನ್‌ಗೆ ದಾಟಿಸಿತು. ಲೆಕ್ಕದ ಕೊರತೆ ತುಂಬಲು ಒಬ್ಬ ಮನುಷ್ಯನ ಸಂಬಳವನ್ನು ಹಿಗ್ಗಿಸಿದ ಈ ಉಪಾಯವನ್ನು ‘ವಿನಿಮಯ’ ಎಂದು ಬರೆದರೆ ಓದುಗನಿಗೆ ಏನು ತಿಳಿದೀತು? ‘ಸಾಟಿಗಾಗಿ ಬೋಗನ್ಸ್‌ನನ್ನು ಸೇರಿಸಿದರು’ ಎಂದರೆ ಒಂದೇ ಏಟಿಗೆ ತಿಳಿಯುತ್ತದೆ. ಉಳಿದ ಮಾರ್ಷಾನ್ ಬ್ರೂಕ್ಸ್, ಕ್ರಿಸ್ ಜೋಸೆಫ್, ಬ್ರೂಕ್ಲಿನ್ ಕಡೆಗೆ ಬಂದ ವೈಟ್, ಇವರಿಗೆಲ್ಲ ಸಂತೆಯ ‘ಕೊಸರು’ ಎಂಬ ಪದ ತಯಾರಾಗಿ ನಿಂತಿದೆ. ಈ ಬಗ್ಗೆ ಚರ್ಚೆ ಬೇಕಿಲ್ಲ ಎಂದುಕೊಂಡಿದ್ದೇನೆ.

ಈಗ ನಿಜವಾದ ತೊಡಕು. ಡ್ರಾಫ್ಟ್‌ನಲ್ಲಿ ತಂಡವೊಂದಕ್ಕೆ ಸಿಗುವ ಅವಕಾಶವನ್ನು ‘ಆಯ್ಕೆ’ ಎಂದು ಬರೆದುಕೊಂಡು ಬಂದೆ, ಮೂರನೇ ಪುಟದಲ್ಲಿ ಎಡವಟ್ಟಾಯಿತು. ಆಯ್ಕೆ ಎಂದರೆ ಆರಿಸುವ ಕೆಲಸವೂ ಹೌದು, ಆರಿಸಿಕೊಂಡ ಆಟಗಾರನೂ ಹೌದು. 2013ರಲ್ಲಿ ಕೊಟ್ಟದ್ದು ಆಟಗಾರರನ್ನಲ್ಲ, ಆರಿಸುವ ಸಾಲಿನಲ್ಲಿದ್ದ ತಮ್ಮ ಜಾಗವನ್ನು. ಅದಕ್ಕೆ ‘ಸರದಿ’ಯೇ ಸರಿ ಎಂದು ನನಗೆ ತೋರುತ್ತದೆ: ಮೊದಲ ಸುತ್ತಿನ ಸರದಿ, 2016ರ ಸರದಿ. ಉತ್ತರ ಕರ್ನಾಟಕದವರು ‘ಪಾಳಿ’ ಎನ್ನಬಹುದು. ಕಾರ್ಖಾನೆಯ ರಾತ್ರಿ ಪಾಳಿಯ ನೆನಪು ಅಡ್ಡಬಾರದಿದ್ದರೆ ನನ್ನ ಅಡ್ಡಿಯಿಲ್ಲ.

ಸರದಿಗೆ ಕೆಲವೊಮ್ಮೆ ರಕ್ಷಣೆ ಇಟ್ಟುಕೊಳ್ಳುತ್ತಾರೆ. ನಮ್ಮ ಸರದಿ ನಿಮಗೇ, ಆದರೆ ಅದು ಮೊದಲ ಮೂರರೊಳಗೋ ಹತ್ತರೊಳಗೋ ಬಿದ್ದರೆ ನಮಗೇ ಉಳಿಯಲಿ ಎಂಬ ಕಟ್ಟು. ಬ್ರೂಕ್ಲಿನ್ ಅಂಥ ಯಾವ ಕಟ್ಟನ್ನೂ ಹಾಕಲಿಲ್ಲ. ‘ಅರಕ್ಷಿತ ಆಯ್ಕೆ’ ಎಂದು ಎಲ್ಲೋ ಓದಿದೆ, ಪೊಲೀಸ್ ಕಾವಲು ಇಲ್ಲದ ಗಣ್ಯರೊಬ್ಬರು ಕಣ್ಣ ಮುಂದೆ ಬಂದರು. ಪತ್ರಿಕೆಗಳಲ್ಲಿ ದಿನವೂ ‘ಬೇಷರತ್ ಬೆಂಬಲ’, ‘ಬೇಷರತ್ ಕ್ಷಮೆ’ ಓಡಾಡುತ್ತಿರುವಾಗ ‘ಬೇಷರತ್ ಸರದಿ’ಗೆ ಏನು ಕಡಿಮೆ?

ಪದ ಸಿಕ್ಕರೂ ವಿಷಯದ ಬಿಗುವು ಓದುಗನಿಗೆ ಮುಟ್ಟಬೇಕಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ಹೂವಿನ ಹಂತದಲ್ಲೇ ವ್ಯಾಪಾರಿಗೆ ಬಿಟ್ಟುಕೊಡುವುದುಂಟು, ‘ಫಸಲು ಗುತ್ತಿಗೆ’. ಕಾಯಿ ಕಚ್ಚಿದರೆ ವ್ಯಾಪಾರಿಯ ಪುಣ್ಯ, ಆಲಿಕಲ್ಲು ಬಿದ್ದರೆ ಅವನ ಕರ್ಮ. ಬ್ರೂಕ್ಲಿನ್ ಮಾಡಿದ್ದು ಅದನ್ನೇ, ಅದೂ ಒಂದು ಹಂಗಾಮಿನದಲ್ಲ, ಮುಂದಿನ ಐದು ವರ್ಷಗಳಲ್ಲಿ ಮೂರರ ಹೂವನ್ನು. ಒಂದು ವರ್ಷ ಬಿಟ್ಟು ಒಂದು ವರ್ಷ ಯಾಕೆಂದರೆ, ಬರಲಿರುವ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಸಾಲಾಗಿ ಕೊಡಕೂಡದೆಂಬ ನಿಯಮವಿದೆ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯೆನ್ ತನ್ನ ಸರದಿಗಳನ್ನೆಲ್ಲ ಎರಡೂ ಕೈಯಲ್ಲಿ ಹಂಚಿದ್ದರಿಂದ ಹುಟ್ಟಿ, ಅವನ ಹೆಸರಿನಲ್ಲೇ ಉಳಿದ ನಿಯಮ. 2017ರ ಸರದಿಯನ್ನು ನೇರವಾಗಿ ಕೊಡುವಂತಿರಲಿಲ್ಲ, ಹಾಗಾಗಿ ಬದಲಿಸಿಕೊಳ್ಳುವ ಹಕ್ಕು ಕೊಟ್ಟರು.

ಈ ಹಕ್ಕಿಗೆ ‘ಅದಲುಬದಲು’ ಎಂದರೆ ಪೂರಾ ತಪ್ಪಾಗುತ್ತದೆ, ಯಾಕೆಂದರೆ ಇದರಲ್ಲಿ ಇಚ್ಛೆ ಒಬ್ಬರದು ಮಾತ್ರ. ಬಾಸ್ಟನ್‌ಗೆ ಲಾಭವಿದ್ದರೆ ಬದಲು, ಇಲ್ಲವಾದರೆ ಅವರವರದು ಅವರವರಿಗೆ. 2016-17ರಲ್ಲಿ ಬಾಸ್ಟನ್ 53 ಪಂದ್ಯ ಗೆದ್ದಿತು, ಅದರ ಸರದಿ 27ನೆಯದು. ಬ್ರೂಕ್ಲಿನ್ 82ರಲ್ಲಿ ಗೆದ್ದದ್ದು 20, ಸಾಲಿನ ಮುಂಭಾಗದ ಸರದಿಗಳನ್ನು ತೀರ್ಮಾನಿಸುವ ಲಾಟರಿಯಲ್ಲಿ ಅದಕ್ಕೆ ಸಿಕ್ಕಿದ್ದು ಮೊಟ್ಟಮೊದಲ ಸರದಿ. ಬಾಸ್ಟನ್ 27ನ್ನು ಕೊಟ್ಟು ಒಂದನ್ನು ತೆಗೆದುಕೊಂಡಿತು. ಅದನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಮೂರನೆಯದನ್ನೂ ಮೇಲೊಂದು ಸರದಿಯನ್ನೂ ಪಡೆದು, ಮೂರನೆಯದರಲ್ಲಿ ಜೇಸನ್ ಟೇಟಮ್‌ನನ್ನು ಆರಿಸಿತು. ಅದರ ಹಿಂದಿನ ವರ್ಷ, 2016ರಲ್ಲಿ, ಬ್ರೂಕ್ಲಿನ್‌ನ ಮೂರನೇ ಸರದಿಯಲ್ಲಿ ಬಂದವನು ಜೇಲೆನ್ ಬ್ರೌನ್. 2024ರಲ್ಲಿ ಬಾಸ್ಟನ್ ಪ್ರಶಸ್ತಿ ಗೆದ್ದಾಗ ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಇದೇ ಬ್ರೌನ್. 2013ರ ಆ ರಾತ್ರಿ ಅವನಿಗೆ 16 ವರ್ಷ, ಟೇಟಮ್‌ಗೆ 15.

ಅಭಿಮಾನಿಗಳ ವಾದದ ಭಾಷೆಗೆ ಬರುತ್ತೇನೆ, ಇಲ್ಲಿ ಗಾದೆಗಳು ನನ್ನ ಕೈಹಿಡಿದವು. ವ್ಯವಹಾರದ ಪರ ನಿಂತವರ ಮಾತು ‘ನಾಳೆ ಎಂದವನ ಮನೆ ಹಾಳು’. ಬ್ರೂಕ್ಲಿನ್‌ನ ಆಗಿನ ಮಾಲೀಕ ಮಿಖಾಯಿಲ್ ಪ್ರೊಖೊರೊವ್ 2010ರಲ್ಲಿ ತಂಡ ಕೊಂಡಾಗಲೇ ಐದು ವರ್ಷದೊಳಗೆ ಪ್ರಶಸ್ತಿ ಎಂದಿದ್ದ. ಡೆರಾನ್ ವಿಲಿಯಮ್ಸ್, ಜೋ ಜಾನ್ಸನ್, ಬ್ರೂಕ್ ಲೋಪೆಜ್ ಆಗಲೇ ತಂಡದಲ್ಲಿದ್ದರು. ಇಂಥ ತಂಡದ ಸರದಿ ಹೇಗೂ ಇಪ್ಪತ್ತರ ಆಚೆ ಬೀಳುತ್ತದೆ, ಹೈಸ್ಕೂಲು ಹುಡುಗರನ್ನು ನೆನೆದು ಗಾರ್ನೆಟ್‌ನನ್ನು ಬಿಡುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ ಎಂಬುದು ಅವರ ತರ್ಕ. ಎದುರು ಪಕ್ಷದ್ದು ‘ಆತುರಗಾರನಿಗೆ ಬುದ್ಧಿ ಮಟ್ಟ’. ಮೊಣಕಾಲು ಸವೆದವರನ್ನು ತರಲು ಐದು ವರ್ಷ ಬರಿಗೈ ಮಾಡಿಕೊಳ್ಳಬೇಕೇ ಎಂದು ಅವರು ಕೇಳುತ್ತಾರೆ.

ಗೆದ್ದದ್ದು ಯಾವ ಗಾದೆ ಎಂದು ಗೊತ್ತೇ ಇದೆ. 2013-14ರ ಋತುವಿನಲ್ಲಿ ಬ್ರೂಕ್ಲಿನ್‌ನ ಗೆಲುವು 44, ಗಾರ್ನೆಟ್ ಸರಾಸರಿ ಪಂದ್ಯಕ್ಕೆ 6.5 ಅಂಕ, ಸಂಬಳದ ಮೊತ್ತ ಮಟ್ಟ ಮೀರಿದ್ದಕ್ಕೆ ಮಾಲೀಕ ಲೀಗ್‌ಗೆ ಕಟ್ಟಿದ ‘ಐಷಾರಾಮಿ ತೆರಿಗೆ’ ಸುಮಾರು 9 ಕೋಟಿ ಡಾಲರ್. ಮರುವರ್ಷವೇ ಪಿಯರ್ಸ್ ವಾಷಿಂಗ್ಟನ್ ಸೇರಿದ, 2015ರ ಫೆಬ್ರವರಿಯಲ್ಲಿ ಗಾರ್ನೆಟ್ ಮಿನೆಸೋಟಕ್ಕೆ ಮರಳಿದ. ಆದರೂ ಪರ ವಹಿಸಿದವರು ಒಂದು ಚಿತ್ರವನ್ನು ಕೈಬಿಡುವುದಿಲ್ಲ. 2014ರ ಮೇ 4, ಟೊರಾಂಟೊದಲ್ಲಿ ನಾಕೌಟ್ ಹಂತದ ಮೊದಲ ಸುತ್ತಿನ ಸರಣಿಯ ಏಳನೇ, ನಿರ್ಣಾಯಕ ಪಂದ್ಯ, ಬ್ರೂಕ್ಲಿನ್ 104-103ರಿಂದ ಮುಂದೆ. ಕೊನೆಯ ಕ್ಷಣದಲ್ಲಿ ಟೊರಾಂಟೊದ ಕೈಲ್ ಲೋರಿ ಜನರ ನಡುವೆ ನುಗ್ಗಿ ಚೆಂಡನ್ನು ಎತ್ತುವಷ್ಟರಲ್ಲಿ ಪಿಯರ್ಸ್‌ನ ಕೈ ಅಡ್ಡ ಬಂದು ತಡೆಯಿತು. ಮುಂದಿನ ಸುತ್ತಿನಲ್ಲಿ ಮಯಾಮಿ 4-1ರಿಂದ ಮನೆಗೆ ಕಳುಹಿಸಿತು, ಅದು ಬೇರೆ ಮಾತು. ಆ ತಡೆಯ ಬೆಲೆ ಮೂರು ಬೇಷರತ್ ಸರದಿಗಳು ಎಂದು ಎದುರಾಳಿಗಳು ಕುಟುಕುತ್ತಾರೆ.

ಇಂಥ ವ್ಯವಹಾರವನ್ನು ‘ಅಪಾಯಕಾರಿ’ ಎನ್ನುವುದು ನನಗೆ ಒಗ್ಗದು, ತಲೆಬುರುಡೆ ಬರೆದ ವಿದ್ಯುತ್ ಕಂಬ ನೆನಪಾಗುತ್ತದೆ. ‘ಪಣಕ್ಕಿಟ್ಟರು’ ಎಂದರೆ ಸಾಕು, ಧರ್ಮರಾಯನ ಕಥೆ ಕೇಳಿದ ಜನಕ್ಕೆ ಉಳಿದದ್ದು ತಾನೇ ತಿಳಿಯುತ್ತದೆ. ವಯಸ್ಸಾದ ತಾರೆಗೆ ಮಾತ್ರ ಪದ ಹೊಂದುತ್ತಿಲ್ಲ. ‘ಹಿರಿಯ ಆಟಗಾರ’ ಮರ್ಯಾದೆಯ ಮಾತು, ವಾದದ ಮುಳ್ಳನ್ನೇ ಮುಚ್ಚಿಬಿಡುತ್ತದೆ. ‘ಮಾಗಿದ’ ಹೊಗಳಿಕೆ. ‘ಇಳಿವಯಸ್ಸು’ ಎಂದರೆ ಪಿಂಚಣಿ, 37ಕ್ಕೆ ಅನ್ಯಾಯ. ‘ಇಳಿಹೊತ್ತಿನ ತಾರೆ’ ಎಂದು ಬರೆದು ನೋಡಿದೆ, ಇಳಿಹೊತ್ತಿನಲ್ಲಿ ತಾರೆ ಮೂಡುತ್ತದೆಯೇ ಹೊರತು ಮುಳುಗುವುದಿಲ್ಲವಲ್ಲ ಎಂದು ಹೊಡೆದುಹಾಕಿದೆ. ಸದ್ಯಕ್ಕೆ ‘ಪ್ರಾಯ ಇಳಿದ ತಾರೆ’ ಎಂದು ಇಟ್ಟುಕೊಂಡಿದ್ದೇನೆ. ಪದ ಒಂದೇ ಲೇಖನಕ್ಕೆ ಮುಗಿಯುವಂಥದ್ದೂ ಅಲ್ಲ. 2023ರ ಫೆಬ್ರವರಿಯಲ್ಲಿ ಫೀನಿಕ್ಸ್ ತಂಡ 34ರ ಕೆವಿನ್ ಡ್ಯುರಾಂಟ್‌ಗಾಗಿ ನಾಲ್ಕು ಬೇಷರತ್ ಸರದಿಗಳನ್ನೂ ಒಂದು ಬದಲಿ ಹಕ್ಕನ್ನೂ ಕೊಟ್ಟಿತು. ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಇದೇ ಬ್ರೂಕ್ಲಿನ್‌ಗೆ.

ಇನ್ನು ನನ್ನ ಕೋರಿಕೆ. ‘ಸಾಟಿ’ಯನ್ನು ಕ್ರಿಯಾಪದವಾಗಿಸುವಾಗ ‘ಸಾಟಿ ಮಾಡಿದರು’, ‘ಸಾಟಿಗೆ ಕೊಟ್ಟರು’, ‘ಸಾಟಿ ಹಾಕಿದರು’, ಇವುಗಳಲ್ಲಿ ನಿಮ್ಮ ಕಡೆ ಯಾವುದು ಬಳಕೆಯಲ್ಲಿದೆ? ಕೋಲಾರದ ಮಾವಿನವರು, ಮಲೆನಾಡಿನ ಅಡಿಕೆಯವರು ಇದ್ದರೆ ಇನ್ನೊಂದು ವಿಷಯ ತಿಳಿಸಿ. ಇಳುವರಿ ಒಂದು ಮಟ್ಟ ದಾಟಿದರೆ ಮೇಲಿನದು ತೋಟದವನಿಗೇ ಉಳಿಯಲಿ ಎಂದು ಗುತ್ತಿಗೆಯಲ್ಲಿ ಷರತ್ತು ಹಾಕುವ ರೂಢಿ ಎಲ್ಲಾದರೂ ಇದ್ದರೆ, ಆ ಷರತ್ತಿಗೆ ಏನೆನ್ನುತ್ತಾರೆ? ಆ ಪದ ಸಿಕ್ಕರೆ ‘ರಕ್ಷಿತ ಆಯ್ಕೆ’ಯನ್ನು ಲೇಖನದಿಂದ ಕಿತ್ತುಹಾಕುತ್ತೇನೆ.