ಗ್ರೂಪಿನಲ್ಲಿ ಬರೀ ಬ್ರಾಂಡ್ ಹೆಸರು. ತಾಲ್ಲೂಕಿನಲ್ಲಿರುವ ಪಶುವೈದ್ಯರು ಓದು ಮುಂದುವರಿಸುವುದು ಹೇಗೆ?

ಪ್ರಶ್ನೆ: ಗೊರಸು_ಕೊಂಬು

ತಾಲ್ಲೂಕು ಆಸ್ಪತ್ರೆ. ಬರುವುದರಲ್ಲಿ ಮುಕ್ಕಾಲು ಪಾಲು ಎಚ್‌ಎಫ್, ಜೆರ್ಸಿ ಮಿಶ್ರತಳಿ ಹಸು. ಉಳಿದದ್ದು ಕುರಿ, ಮೇಕೆ. ಈಚೆಗೆ ನಾಯಿಗಳೂ ಜಾಸ್ತಿ. ಓದಿಗೆ ಸಿಗುವುದು ರಾತ್ರಿ ಅರ್ಧ ಗಂಟೆ, ಅದೂ ಫೋನ್ ಬರದಿದ್ದರೆ. ಇರುವುದು ಕಾಲೇಜಿನ ನೋಟ್ಸು, ಹಳೇ ಪಠ್ಯಪುಸ್ತಕ, ನಾಲ್ಕೈದು ವಾಟ್ಸಾಪ್ ಗ್ರೂಪು. ಗ್ರೂಪಿನಲ್ಲಿ ಕೇಸ್ ಹಾಕಿದರೆ ಹತ್ತು ನಿಮಿಷಕ್ಕೆ ಹತ್ತು ಬ್ರಾಂಡ್ ಹೆಸರು ಬೀಳುತ್ತವೆ, ಒಂದಕ್ಕೂ ಕಾರಣ ಇರುವುದಿಲ್ಲ.

ಕಾಸಿಲ್ಲದೆ ಓದಬಹುದಾದ, ನಂಬಬಹುದಾದ ಮೂಲಗಳು ಯಾವುವು? ಕೇಸ್ ಚರ್ಚೆಯಿಂದ ಏನಾದರೂ ಕಲಿಯುವ ಹಾಗೆ ಮಾಡುವುದು ಹೇಗೆ? ಯಾವ ತರಬೇತಿಗೆ ರಜೆ ಹಾಕಿ ಹೋಗಬಹುದು? ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪ್ ಇದೆ, ಧೂಳು ಹಿಡಿದಿದೆ.

ಉತ್ತರ 1: ಓದುಕೋಣೆ

ಹಳೇ ಪುಸ್ತಕ ರದ್ದಿಗೆ ಹಾಕಬೇಡಿ. ಅಂಗರಚನೆ, ರೋಗಲಕ್ಷಣ, ರೋಗ ಹೇಗೆ ಮೈಯಲ್ಲಿ ಹಬ್ಬುತ್ತದೆ ಅನ್ನುವುದು ಬೇಗ ಹಳತಾಗುವುದಿಲ್ಲ. ಹಳತಾಗುವುದು ಔಷಧಿ, ಲಸಿಕೆ, ಕಾನೂನು. ನಿಮ್ಮ ಅರ್ಧ ಗಂಟೆ ಈ ಮೂರಕ್ಕೇ ಮೀಸಲಿಡಿ.

ನೋವಿನ ಮದ್ದನ್ನೇ ತಗೊಳ್ಳಿ. ಡೈಕ್ಲೋಫೆನಾಕ್‌ಗೆ 2006ರಲ್ಲೇ ಪ್ರಾಣಿಗಳ ಚಿಕಿತ್ಸೆಯಲ್ಲಿ ನಿಷೇಧ ಬಂತು, ಅದು ಎಲ್ಲರಿಗೂ ಗೊತ್ತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎರಡೂ ಆ ಪಟ್ಟಿಗೆ ಸೇರಿದವು, ಆಮೇಲೆ ನಿಮೆಸುಲೈಡ್. ಹಳೇ ಪುಸ್ತಕದಲ್ಲಿ ಕೀಟೊಪ್ರೊಫೆನ್ ಡೋಸ್ ಇನ್ನೂ ನಿಶ್ಚಿಂತೆಯಿಂದ ಕೂತಿದೆ. ಮದ್ದು ಹಾಕಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ರಣಹದ್ದಿನ ಧಾಮ ಇರುವ ರಾಮನಗರದ ರಾಮದೇವರ ಬೆಟ್ಟದ ಸುತ್ತಮುತ್ತ ಕೆಲಸ ಮಾಡುವವರಿಗೆ ಇದು ದೂರದ ಮಾತಲ್ಲ. ಹಸುವಿಗೆ ಮೆಲಾಕ್ಸಿಕಾಮ್ ಪ್ರತಿ ಕೆ.ಜಿ. ತೂಕಕ್ಕೆ 0.5 ಮಿ.ಗ್ರಾಂ, ಇಲ್ಲವೇ ಟಾಲ್ಫೆನಾಮಿಕ್ ಆಮ್ಲ. ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್ 2019ರಿಂದ ಆಹಾರದ ಪ್ರಾಣಿಗಳಿಗೆ ಇಲ್ಲ.

ನಾಯಿ ಲಸಿಕೆಯದ್ದೂ ಇದೇ ಪಾಡು. ನಾಯಿ-ಬೆಕ್ಕಿನ ವೈದ್ಯರ ಜಾಗತಿಕ ಸಂಘ ಡಬ್ಲ್ಯುಎಸ್‌ಎವಿಎ 2024ರ ಮಾರ್ಗಸೂಚಿ ಉಚಿತ ಪಿಡಿಎಫ್. ಮರಿಗೆ ಡಿಸ್ಟೆಂಪರ್, ಪಾರ್ವೊ ಸರಣಿಯ ಕೊನೇ ಡೋಸ್ 16 ವಾರಕ್ಕೆ ಅಥವಾ ಅದರ ನಂತರ. ಮುಂದಿನದು ವರ್ಷ ತುಂಬುವವರೆಗೆ ಕಾಯದೆ 26 ವಾರದ ಹೊತ್ತಿಗೆ. 12 ವಾರಕ್ಕೇ ಕಾರ್ಡ್ ಮುಚ್ಚಿಬಿಟ್ಟರೆ ತಾಯಿಯಿಂದ ಬಂದ ಪ್ರತಿಕಾಯ ಇನ್ನೂ ಉಳಿದಿರುವ ಮರಿಗಳಲ್ಲಿ ಲಸಿಕೆ ಹಿಡಿಯುವುದೇ ಇಲ್ಲ. "ಲಸಿಕೆ ಹಾಕಿಸಿದ್ದೆವು, ಆದರೂ ಪಾರ್ವೊ ಬಂತು" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಮೂಲಗಳು: ಮರ್ಕ್ ಪಶುವೈದ್ಯ ಕೈಪಿಡಿ ಪೂರ್ತಿ ಉಚಿತ, ಮೊಬೈಲಿನಲ್ಲೇ ಓದಬಹುದು. ಅದು ಅಮೆರಿಕದ ಕಣ್ಣಿನಿಂದ ಬರೆದದ್ದು ಅನ್ನುವುದು ನೆನಪಿರಲಿ. ಅಲ್ಲಿ ಮುಖ್ಯವಲ್ಲದ ರೋಗಗಳಿಗೆ ಜಾಗ ಕಮ್ಮಿ, ಅಲ್ಲಿಯ ಔಷಧಿ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಹಾಗಾಗಿ ಕೇಂದ್ರ ಪಶುಸಂಗೋಪನಾ ಇಲಾಖೆ 2024ರಲ್ಲಿ ತಂದ ಪಶುಚಿಕಿತ್ಸಾ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪಶುವೈದ್ಯರ ಓದಿಗೆಂದೇ ಇರುವ ಜಾಲತಾಣ ಐವಿಐಎಸ್‌ನಲ್ಲಿ ಹೆಸರು ನೋಂದಾಯಿಸಿದರೆ ಸಮ್ಮೇಳನದ ಉಪನ್ಯಾಸಗಳು ಸಿಗುತ್ತವೆ, ಶಸ್ತ್ರಚಿಕಿತ್ಸೆಗೆ ಚೆನ್ನಾಗಿದೆ. ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಎರಡು ತಿಂಗಳು ಮುಂಚೆಯೇ ಜಿಲ್ಲಾವಾರು ರೋಗ ಮುನ್ಸೂಚನೆ ಕೊಡುತ್ತದೆ. ಗಳಲೆ, ಚಪ್ಪೆ ರೋಗಗಳ ಲಸಿಕೆ ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಅದೊಂದು ಪುಟ ಸಾಕು. ಚಂದಾ ಕಟ್ಟುವ ಪಶುವೈದ್ಯರ ಜಾಲತಾಣ ವಿಐಎನ್ ನಾಯಿ-ಬೆಕ್ಕಿನ ಕ್ಲಿನಿಕ್ಕನ್ನೇ ನಡೆಸುವವರಿಗೆ ಸರಿ. ಮುಕ್ಕಾಲು ಪಾಲು ಹಸು ನೋಡುವವರಿಗೆ ಅಷ್ಟು ದುಡ್ಡು ದಂಡ.

ಉತ್ತರ 2: ನೂರರ_ಲೆನ್ಸ್

ಮೈಕ್ರೋಸ್ಕೋಪ್ ಧೂಳು ಹಿಡಿದಿದೆ ಅಂದಿರಲ್ಲ, ಓದು ಅಲ್ಲಿಂದಲೇ ಶುರುವಾಗಲಿ. ಮಿಶ್ರತಳಿ ಹಸುವಿಗೆ 105 ಡಿಗ್ರಿ ಜ್ವರ ಅಂದರೆ ಉಣ್ಣಿಯಿಂದ ಹರಡುವ ರಕ್ತದ ರೋಗಗಳಾದ ಥೈಲೇರಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ, ಮೂರು ದಿನದ ಜ್ವರ ಎಲ್ಲವೂ ಸಾಲಿನಲ್ಲಿ ನಿಲ್ಲುತ್ತವೆ. ಇವನ್ನು ಬೇರೆ ಮಾಡುವುದು ರಕ್ತದ ಒಂದು ಸ್ಲೈಡು.

ಕಿವಿಯ ಅಂಚಿನ ಕೂದಲು ತೆಗೆದು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಹಸಿ ಸ್ಪಿರಿಟ್ ಮೇಲೆ ಚುಚ್ಚಿದರೆ ಕೆಂಪು ರಕ್ತಕಣ ಅಲ್ಲೇ ಒಡೆಯುತ್ತವೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಹನಿ ಸಾಕು. ತಳ್ಳುವ ಸ್ಲೈಡು 30ರಿಂದ 45 ಡಿಗ್ರಿ ಓರೆ. ಹನಿ ಅಂಚಿಗೆ ಹರಡಿದ ಮೇಲೆ ಒಂದೇ ಸಮನೆ ತಳ್ಳಿ. ರಕ್ತಹೀನತೆ ಇದ್ದು ರಕ್ತ ನೀರಾಗಿದ್ದರೆ ಓರೆ ಇನ್ನೂ ಎತ್ತರಿಸಿ, ಇಲ್ಲದಿದ್ದರೆ ಲೇಪ ಸ್ಲೈಡಿನ ಆಚೆ ತುದಿಗೆ ಓಡುತ್ತದೆ. ತುದಿ ಗರಿಯ ಹಾಗೆ ತೆಳ್ಳಗಾಗಿ ಸ್ಲೈಡಿನೊಳಗೇ ಮುಗಿಯಬೇಕು.

ಗಾಳಿಯಾಡಿಸಿ ಬೇಗ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಇಲ್ಲೇ ಕೆಡುವುದು: ನಿಧಾನ ಒಣಗಿದರೆ ಕಣಗಳ ಒಳಗೆ ಹೊಳೆಯುವ ಉಂಗುರ ಕಾಣುತ್ತವೆ, ಹೊಸಬರು ಅದನ್ನೇ ಥೈಲೇರಿಯಾ ಅನ್ನುತ್ತಾರೆ. ಫೋಕಸ್ ಮೇಲೆ ಕೆಳಗೆ ಮಾಡಿ. ಹೊಳಪು ಬಂದು ಹೋದರೆ ಅದು ಪರಾವಲಂಬಿ ಅಲ್ಲ. ಬಣ್ಣ ಹಾಕದ ಸ್ಲೈಡನ್ನು ಮೇಜಿನ ಮೇಲೆ ಬಿಟ್ಟರೆ ನೊಣ, ಇರುವೆ ತಿಂದು ಮುಗಿಸುತ್ತವೆ. ಹೆಸರನ್ನು ಪೆನ್ಸಿಲ್‌ನಿಂದ ಲೇಪದ ದಪ್ಪ ತುದಿಯ ಮೇಲೇ ಗೀಚಿ. ಮಾರ್ಕರ್ ಶಾಯಿ ಮೆಥನಾಲ್‌ನಲ್ಲಿ ಕರಗುತ್ತದೆ.

ಹಾಕುವ ಬಣ್ಣ ಜೀಮ್ಸಾ ಆದರೆ ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ, ಆಮೇಲೆ ಪಿಎಚ್ 7.2ರ ಬಫರ್‌ನಲ್ಲಿ ಹತ್ತಕ್ಕೆ ಒಂದರಂತೆ ಕಲಸಿದ ಬಣ್ಣ 30 ನಿಮಿಷ. ಕಲಸಿದ್ದನ್ನು ನಾಳೆಗೆ ಇಡಬೇಡಿ. ಲೀಶ್‌ಮನ್‌ನಲ್ಲೇ ಮೆಥನಾಲ್ ಇದೆ, ಬೇರೆ ಬೇಡ: ಬಣ್ಣ 2 ನಿಮಿಷ, ಅದರ ಮೇಲೆ ಎರಡರಷ್ಟು ಬಫರ್ ನೀರು, ಬಾಯಿಂದ ಊದಿ ಬೆರೆಸಿ, 10 ನಿಮಿಷ. ತೊಳೆಯುವಾಗ ಸ್ಲೈಡ್ ಬಗ್ಗಿಸಿ ಬಣ್ಣ ಚೆಲ್ಲಬೇಡಿ, ಮೇಲಿನ ಕೆನೆ ಲೇಪಕ್ಕೆ ಅಂಟುತ್ತದೆ. ಚಪ್ಪಟೆ ಹಿಡಿದು ನೀರು ತುಂಬಿಸಿ, ಕೆನೆ ತೇಲಿ ಹೋಗಲಿ. ಆ ಕೆನೆಯ ಚುಕ್ಕೆಗಳೇ ಆಮೇಲೆ ಅನಾಪ್ಲಾಸ್ಮಾ ಆಗಿ ಕಾಣುವುದು. ಫಾರ್ಮಲಿನ್ ಬಾಟಲಿ ಹತ್ತಿರ ಸ್ಲೈಡ್ ಇಡಲೇಬೇಡಿ, ಆವಿ ತಾಗಿದರೂ ಬಣ್ಣ ಹಿಡಿಯುವುದಿಲ್ಲ.

ಭುಜದ ಮುಂದಿನ ಗ್ರಂಥಿ ಊದಿದ್ದರೆ 18 ಗೇಜ್ ಸೂಜಿಯಿಂದ ಅಲ್ಲಿಂದಲೂ ಒಂದು ಸ್ಲೈಡ್. ಲಿಂಫೊಸೈಟ್ ಒಳಗೆ ಕಾಕ್ಸ್ ನೀಲಿ ಕಾಯಗಳು (ಪರಾವಲಂಬಿ ಬೆಳೆಯುವ ಹಂತ) ಕಂಡರೆ ಥೈಲೇರಿಯಾ ಆನ್ಯುಲೇಟಾ ಅಂತ ಧೈರ್ಯವಾಗಿ ಬರೆಯಬಹುದು.

ಫೋಟೊ ತೆಗೆಯುವಾಗ ಫ್ಲಾಶ್ ಬೇಡ. ಫೋನಿನ ಕ್ಯಾಮೆರಾವನ್ನು ಐಪೀಸ್‌ನಿಂದ ಒಂದೆರಡು ಸೆಂ.ಮೀ. ದೂರ ಹಿಡಿದು ಬೆಳಕಿನ ವೃತ್ತ ತುಂಬುವವರೆಗೆ ಹತ್ತಿರ ತನ್ನಿ, ಪರದೆ ಒತ್ತಿ ಫೋಕಸ್ ಲಾಕ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಗೊರಸು_ಕೊಂಬು: ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಥೈಲೇರಿಯಾ ಉಂಗುರ ಸಿಗುತ್ತದೆ, ಆದರೆ ಹಸುವಿಗೆ ಜ್ವರ ಇಲ್ಲ, ಗ್ರಂಥಿ ಊದಿಲ್ಲ, ಹಾಲು ಮಾತ್ರ ಸ್ವಲ್ಪ ಇಳಿದಿದೆ ಅಂದರೆ? ಥೈಲೇರಿಯಾದ ಮದ್ದು ಬುಪಾರ್ವಕ್ವೋನ್ ಕೊಡಬೇಕಾ?

ನೂರರ_ಲೆನ್ಸ್: ಸುಮ್ಮನೆ ಕೊಡಬೇಡಿ. ಒಮ್ಮೆ ರೋಗ ಬಂದು ಗುಣವಾದ ಹಸು ರಕ್ತದಲ್ಲಿ ಉಂಗುರ ಹೊತ್ತುಕೊಂಡೇ ತಿರುಗುತ್ತದೆ. ಸ್ಲೈಡಿಗಲ್ಲ, ಹಸುವಿಗೆ ಚಿಕಿತ್ಸೆ. ಕಣ್ಣಿನ ಒಳರೆಪ್ಪೆ ನೋಡಿ, ಹೀಮೊಗ್ಲೋಬಿನ್ ಅಥವಾ ಪಿಸಿವಿ (ರಕ್ತದಲ್ಲಿ ಕೆಂಪು ಕಣದ ಪಾಲು) ಮಾಡಿ, ಹಾಲು ಇಳಿದದ್ದಕ್ಕೆ ಕೀಟೋಸಿಸ್, ಕೆಚ್ಚಲುಬಾವು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ರಕ್ತಹೀನತೆ ಏರುತ್ತಿದ್ದು ಗ್ರಂಥಿಯ ಸ್ಲೈಡ್ ಶುದ್ಧವಾಗಿದ್ದರೆ ಥೈಲೇರಿಯಾ ಓರಿಯೆಂಟಾಲಿಸ್ ಇರಬಹುದು, ಕರ್ನಾಟಕದಲ್ಲೂ ವರದಿಯಾಗಿದೆ. ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತ ಐಸ್‌ನಲ್ಲಿ ಪಿಸಿಆರ್‌ಗೆ ಹೋಗಲಿ, ಫ್ರೀಜರ್‌ಗೆ ಬೇಡ.

ಕೊಡಲೇಬೇಕಾದಾಗ ಪ್ರತಿ ಕೆ.ಜಿ.ಗೆ 2.5 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 50 ಮಿ.ಗ್ರಾಂ ಇರುವ ದ್ರಾವಣ 20 ಕೆ.ಜಿ.ಗೆ 1 ಮಿ.ಲೀ. 400 ಕೆ.ಜಿ. ಹಸುವಿಗೆ 20 ಮಿ.ಲೀ., ಕುತ್ತಿಗೆಯ ಸ್ನಾಯುವಿನ ಆಳಕ್ಕೆ, ಒಂದು ಜಾಗಕ್ಕೆ 10 ಮಿ.ಲೀ. ಮೀರದಂತೆ. ತೂಕವನ್ನು ಕಣ್ಣಂದಾಜಿನಲ್ಲಿ 300 ಅಂದುಕೊಂಡು 15 ಮಿ.ಲೀ. ಹಾಕಿ ಬಂದು, ಮೂರನೇ ದಿನ "ಮದ್ದು ಕೆಲಸ ಮಾಡಲಿಲ್ಲ" ಅನ್ನುವುದು ಮಾಮೂಲಿ ತಪ್ಪು. ಎದೆ ಸುತ್ತಳತೆಯ ಟೇಪು ಜೇಬಿನಲ್ಲಿರಲಿ.

ಉತ್ತರ 3: ಹಾಲುಮಾಪಕ

ಗ್ರೂಪಿನಲ್ಲಿ ಬ್ರಾಂಡ್ ಹೆಸರು ಬೀಳುವುದಕ್ಕೆ ಅರ್ಧ ಕಾರಣ ಕೇಳುವ ರೀತಿ. "ಹಸು ಮೇವು ತಿಂತಿಲ್ಲ, ಸಲಹೆ ಕೊಡಿ" ಅಂದರೆ ಇನ್ನೇನು ಬರುತ್ತದೆ? ಇಷ್ಟು ಬರೆಯಿರಿ: ತಳಿ, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ತೂಕ, ತಾಪಮಾನ, ಎರಡು ನಿಮಿಷಕ್ಕೆ ರೂಮೆನ್ (ಮೇವಿನ ದೊಡ್ಡ ಹೊಟ್ಟೆ) ಎಷ್ಟು ಸಲ ಆಡಿತು, ಸಗಣಿ ಹೇಗಿದೆ, ಏನು ಮೇವು ಬದಲಾಯಿತು, ಈಗಾಗಲೇ ಕೊಟ್ಟ ಮದ್ದು ಮತ್ತು ಕೊಟ್ಟ ಹೊತ್ತು. ಕೊನೆಗೆ ನಿಮ್ಮದೇ ಊಹೆ ಎರಡು. ಊಹೆ ಬರೆಯದ ಕೇಸಿಗೆ ಉತ್ತರಿಸುವುದಿಲ್ಲ ಅಂತ ಅಡ್ಮಿನ್ ಒಂದು ನಿಯಮ ಮಾಡಿದರೆ ಗ್ರೂಪಿನ ಗದ್ದಲ ಅರ್ಧ ಇಳಿಯುತ್ತದೆ.

ಡೋಸನ್ನು ಮೂಲ ಔಷಧಿಯ ಹೆಸರಲ್ಲಿ, ಕೆ.ಜಿ.ಗೆ ಮಿ.ಗ್ರಾಂ ಲೆಕ್ಕದಲ್ಲಿ ಮಾತ್ರ. "10 ಮಿ.ಲೀ. ಹಾಕಿ" ಅನ್ನುವ ಸಲಹೆ ಅಪಾಯ, ಒಂದೇ ಮದ್ದು ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಮಾಲೀಕರ ಹೆಸರು, ಮುಖ, ಫೋನ್ ನಂಬರ್ ಹಾಕಬೇಡಿ. ಮತ್ತೆ, ಏಳನೇ ದಿನ ಏನಾಯಿತು ಅಂತ ಅದೇ ಕೇಸಿನ ಕೆಳಗೆ ಬರೆಯಿರಿ, ಸತ್ತಿದ್ದರೂ ಸರಿ. ಯಾರೂ ಮಾಡದ ಕೆಲಸ ಇದು, ಕಲಿಯುವುದೆಲ್ಲ ಇದರಲ್ಲೇ ಇದೆ.

ಕೆಚ್ಚಲುಬಾವಿನ ಕೇಸಿಗೆ ಹಾಲಿನಲ್ಲಿ ಯಾವ ಸೂಕ್ಷ್ಮಾಣು ಬೆಳೆಯಿತು ಅನ್ನುವ ಕಲ್ಚರ್ ವರದಿ ಇಲ್ಲದೆ ಆಂಟಿಬಯಾಟಿಕ್ ಚರ್ಚೆ ವ್ಯರ್ಥ. ಮಾದರಿ ಮದ್ದು ಹಾಕುವ ಮೊದಲೇ ತೆಗೆಯಬೇಕು. 70 ಶೇಕಡಾ ಆಲ್ಕೋಹಾಲ್ ಹತ್ತಿಯಿಂದ ಮೊಲೆತೊಟ್ಟಿನ ತುದಿ ಒರೆಸುವಾಗ ನಿಮಗೆ ದೂರ ಇರುವ ತೊಟ್ಟು ಮೊದಲು, ಹತ್ತಿರದ್ದು ಆಮೇಲೆ; ಹಾಲು ತೆಗೆಯುವಾಗ ಹತ್ತಿರದ್ದು ಮೊದಲು. ಉಲ್ಟಾ ಮಾಡಿದರೆ ಒರೆಸಿದ ತೊಟ್ಟಿಗೆ ತೋಳು ತಾಗುತ್ತದೆ. ಮೊದಲ ಮೂರ್ನಾಲ್ಕು ಸೆಳೆ ಚೆಲ್ಲಿ, ಟ್ಯೂಬ್ ಓರೆ ಹಿಡಿದು 5 ಮಿ.ಲೀ., ಮುಚ್ಚಳದ ಒಳಮೈ ಮುಟ್ಟದೆ. ಐಸ್‌ನಲ್ಲಿ 24 ಗಂಟೆಯೊಳಗೆ ತಲುಪಲಿ. ಮೂರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸೂಕ್ಷ್ಮಾಣು ಬೆಳೆದ ವರದಿ ಬಂದರೆ ಅದು ರೋಗವಲ್ಲ, ಕೊಟ್ಟಿಗೆಯ ಸಗಣಿ.

ಉತ್ತರ 4: ಥೇಮ್ಸ್_ದಂಡೆ

ತರಬೇತಿ ಬಗ್ಗೆ. ಹೋಗುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಒಂದು ಪ್ರಾಣಿಗೆ ಎಷ್ಟು ಜನ, ಮತ್ತು ಖರ್ಚು ಯಾರದ್ದು. ಅಲ್ಟ್ರಾಸೌಂಡ್‌ನಲ್ಲಿ 28–30 ದಿನದ ಗರ್ಭ ಗುರುತಿಸುವುದನ್ನು ಸ್ಲೈಡ್ ಶೋ ನೋಡಿ ಕಲಿಯಲಾಗದು. ಪ್ರೋಬ್ ನಿಮ್ಮ ಕೈಯಲ್ಲೇ ಇರಬೇಕು, ಖಾಲಿ ಹಸು, ಗಬ್ಬದ ಹಸು ಎರಡೂ ಇರಬೇಕು. ಔಷಧಿ ಕಂಪನಿ ಊಟ ಹಾಕಿಸುವ ಉಪನ್ಯಾಸಕ್ಕೆ ಹೋಗಬಾರದೆಂದಿಲ್ಲ, ಆದರೆ ಅಲ್ಲಿ ಹೇಳಿದ ಡೋಸನ್ನು ಮನೆಗೆ ಬಂದು ಇನ್ನೊಂದು ಕಡೆ ತಾಳೆ ನೋಡಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಕಾಲೇಜುಗಳು ನಡೆಸುವ ಅಲ್ಪಾವಧಿ ತರಬೇತಿಗೆ ಇಲಾಖೆ ಮೂಲಕ ಹೋಗುವುದೇ ಲೇಸು, ಅಲ್ಲಿ ಪ್ರಾಣಿ ಸಿಗುತ್ತದೆ. ರೇಬೀಸ್ ವಿಷಯಕ್ಕೆ ಗಾರ್ಕ್ ಸಂಸ್ಥೆಯ ಆನ್‌ಲೈನ್ ಕೋರ್ಸುಗಳು ಉಚಿತ, ಪ್ರಮಾಣಪತ್ರವೂ ಉಂಟು.

ಬ್ರಿಟನ್ನಿನಲ್ಲಿ ಪಶುವೈದ್ಯರಿಗೆ ವರ್ಷಕ್ಕೆ 35 ಗಂಟೆ ಓದು ಕಡ್ಡಾಯ. 2022ರಿಂದ ಗಂಟೆ ಬರೆದರಷ್ಟೇ ಸಾಲದು, ಅದರಿಂದ ಕೆಲಸದಲ್ಲಿ ಏನು ಬದಲಾಯಿತು ಅಂತಲೂ ಬರೆಯಬೇಕು. ಮೊದಲು ಕಾಟ ಅನ್ನಿಸಿದರೂ ಒಳ್ಳೆ ಉಪಾಯ. ಒಂದು ನೋಟ್‌ಬುಕ್, ವಾರಕ್ಕೆ ಒಂದು ಸಾಲು: "ಮರಿಗಳ ಕೊನೇ ಪಾರ್ವೊ ಡೋಸ್ 12ರಿಂದ 16 ವಾರಕ್ಕೆ ಬದಲಿಸಿದೆ." ಬದಲಾಯಿಸಿದ್ದು ಏನೂ ಇಲ್ಲದ ವಾರ ಖಾಲಿ ಬಿಡಿ. ಪ್ರಮಾಣಪತ್ರಗಳನ್ನೂ ಅದೇ ಪುಸ್ತಕದ ಹಿಂದೆ ಅಂಟಿಸಿ, ಬೇಕಾದಾಗ ಹುಡುಕಾಟ ತಪ್ಪುತ್ತದೆ.

ಉತ್ತರ 5: ಓದುಕೋಣೆ

ಒಂದು ಬಿಟ್ಟುಹೋಗಿತ್ತು. ಯಾವ ಕೇಸನ್ನು ಗ್ರೂಪಿಗೆ ಹಾಕಿ ಕಾಯಬಾರದು ಅನ್ನುವುದು. ಹಠಾತ್ತಾಗಿ ಸತ್ತ ದನ, ಹೊಟ್ಟೆ ಉಬ್ಬಿದೆ, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ: ಮನುಷ್ಯರಿಗೂ ತಗಲುವ ಆಂಥ್ರಾಕ್ಸ್ ಅಂತಲೇ ತಿಳಿದು ನಡೆಯಿರಿ. ಕೊಯ್ಯಬೇಡಿ, ಗಾಳಿ ತಾಗಿದರೆ ರೋಗಾಣು ಸ್ಪೋರ್ ಅನ್ನುವ ಗಟ್ಟಿ ಬೀಜಕಣ ಆಗುತ್ತದೆ, ಆ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕೈಗವಸು, ಮಾಸ್ಕ್ ಹಾಕಿ ಕಿವಿಯಿಂದ ಒಂದೇ ಹನಿ, ಎರಡು ಸ್ಲೈಡ್. ಚುಚ್ಚಿದ ಜಾಗಕ್ಕೆ ಫಾರ್ಮಲಿನ್ ಹತ್ತಿ ಒತ್ತಿ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಹಾಕಿದರೆ ಚೌಕ ತುದಿಯ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಹೊದಿಕೆ ಕಾಣುತ್ತದೆ. ಹೆಣ ಹಳತಾಗಿದ್ದರೆ ಹೊದಿಕೆ ಕಾಣದೆಯೂ ಹೋಗಬಹುದು, ಕಾಣಲಿಲ್ಲ ಅಂತ ಕೊಯ್ಯಲು ಹೊರಡಬೇಡಿ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ವರದಿ ಮಾಡುವುದು ನಿಮ್ಮ ಕರ್ತವ್ಯ, ಹಾಗಾಗಿ ಮೊದಲ ಫೋನ್ ಇಲಾಖೆಗೆ, ಎರಡನೆಯದು ಆ ದನವನ್ನು ಮುಟ್ಟಿದವರ ಪಟ್ಟಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ.

ಗೊರಸು_ಕೊಂಬು: ಜೀಮ್ಸಾ ಬಾಟಲಿ ಕಪಾಟಿನಲ್ಲಿ ಸಿಕ್ಕಿತು, ಪಕ್ಕದಲ್ಲೇ ಫಾರ್ಮಲಿನ್ ಇತ್ತು, ಬೇರೆ ಕೋಣೆಗೆ ಸಾಗಿಸಿದೆ. ಬಫರ್ ಮಾತ್ರೆ ಇಲ್ಲ. ಬೋರ್‌ವೆಲ್ ನೀರು ನಡೆಯುತ್ತಾ?

ನೂರರ_ಲೆನ್ಸ್: ನಡೆಯಲ್ಲ. ಗಡಸು ನೀರಿಗೆ ಎಲ್ಲವೂ ನೀಲಿಯಾಗಿ ಕೂರುತ್ತದೆ. ಪಿಎಚ್ 7.2ರ ಬಫರ್ ಮಾತ್ರೆ ತರಿಸಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಮೊದಲ ಸ್ಲೈಡನ್ನು ಆರೋಗ್ಯವಾಗಿರುವ ಹಸುವಿನದ್ದೇ ಮಾಡಿ. ಕೆಂಪು ಕಣ ನಸುಗೆಂಪು, ಬಿಳಿ ಕಣದ ಕೇಂದ್ರ ನೇರಳೆ ಬಂದರೆ ಬಣ್ಣ ಸರಿ ಇದೆ.