ಯಾವ ಸಿನಿಮಾ ಥಿಯೇಟರ್‌ಗೆ, ಯಾವುದು ಮನೆಗೆ? ನೋಡಿದವರು ಹೇಳಿದ್ದು

ಪ್ರಶ್ನೆ:

ನಾನು ಸಿನಿಮಾ ಹುಚ್ಚಿನವಳಲ್ಲ. ಅಪರೂಪಕ್ಕೆ ಥಿಯೇಟರ್ ಕಡೆ ಹೋಗುತ್ತೇನೆ. ಹೋಗಿ ಬಂದಮೇಲೆ ‘ಅಯ್ಯೋ, ಇದನ್ನು ಮನೆಯಲ್ಲೇ ನೋಡಬಹುದಿತ್ತು’ ಅನ್ನಿಸಿದರೆ ತುಂಬಾ ಬೇಜಾರು. ವಿಮರ್ಶೆ ಓದಿದರೆ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ತಿಳಿಯುತ್ತದೆ. ಥಿಯೇಟರ್‌ನಲ್ಲೇ ನೋಡಬೇಕಾ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಈಚಿನ ಮೂರ್ನಾಲ್ಕು ವರ್ಷಗಳಲ್ಲಿ ನೀವು ನೋಡಿದ್ದರಲ್ಲಿ ಯಾವುದು ಹೋಗಿದ್ದಕ್ಕೂ ಸಾರ್ಥಕ ಅನ್ನಿಸಿತು, ಯಾವುದು ಅಷ್ಟಕ್ಕಷ್ಟೇ? ಹೇಗೆ ಆರಿಸುತ್ತೀರಿ? ಕಥೆಯ ಕೊನೆ ಮಾತ್ರ ಬಿಟ್ಟುಕೊಡಬೇಡಿ, ಪ್ಲೀಸ್.

ಉತ್ತರ:

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಸಿನಿಮಾ ದೊಡ್ಡದಾಗಿದ್ದರೆ ಥಿಯೇಟರ್, ಬರೀ ಮಾತುಕತೆಯಾದರೆ ಮನೆ. 2024ರ ‘ಡ್ಯೂನ್’ ಎರಡನೇ ಭಾಗದಲ್ಲಿ ಹೀರೋ ಮೊದಲ ಸಲ ಮರಳಿನ ದೈತ್ಯ ಹುಳದ ಮೇಲೆ ಹತ್ತುವ ದೃಶ್ಯವಿದೆ. ಅದನ್ನು ಮೊಬೈಲ್‌ನಲ್ಲಿ ನೋಡಿದೆ ಅಂದವರನ್ನು ಕಂಡರೆ ಪಾಪ ಅನ್ನಿಸುತ್ತದೆ. 2025ರ ಕಾರ್ ರೇಸ್ ಸಿನಿಮಾ ‘ಎಫ್ ಒನ್’ ಕೂಡ ಹಾಗೇ. ಕಥೆ ಹಳೇದೇ, ಮುಂದೇನಾಗುತ್ತದೆ ಅಂತ ಅರ್ಧಕ್ಕೇ ಗೊತ್ತಾಗಿಬಿಡುತ್ತದೆ. ಆದರೆ ನಿಜವಾಗಿ ಓಡುವ ಕಾರಿಗೇ ಕ್ಯಾಮೆರಾ ಕೂರಿಸಿ ತೆಗೆದಿದ್ದಾರೆ. ಪ್ರತಿ ತಿರುವಿನಲ್ಲೂ ಕುರ್ಚಿಯಲ್ಲಿ ಕೂತ ನಾನೂ ವಾಲುತ್ತಿದ್ದೆ. ಮನೆಯಲ್ಲಿ ನೋಡಿದರೆ ಆ ಹಳೇ ಕಥೆಯೊಂದೇ ಉಳಿಯುತ್ತದೆ.

ಇನ್ನೊಂದು ಉತ್ತರ:

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ‘ದೊಡ್ಡದು’ ಅನ್ನುವ ಅಳತೆ ಮಾತ್ರ ನನಗೆ ಕೈ ಕೊಟ್ಟಿದೆ. ನಾನು ಈಗ ಕಿವಿಯಿಂದ ಆರಿಸುತ್ತೇನೆ, ಕಣ್ಣಿನಿಂದಲ್ಲ.

2023ರ ‘ಓಪನ್‌ಹೈಮರ್’ ನೋಡಿ. ಮೂರು ಗಂಟೆಯ ಸಿನಿಮಾ. ಅದರಲ್ಲಿ ಜಾಸ್ತಿ ಪಾಲು ಕೋಟು ಹಾಕಿದ ಗಂಡಸರು ಕೋಣೆಯೊಳಗೆ ಕೂತು ಮಾತಾಡುವುದೇ. ಬರೀ ಮಾತುಕತೆಯಾದರೆ ಮನೆ ಅನ್ನುವ ಲೆಕ್ಕದಲ್ಲಿ ಅದು ಮನೆಗೇ ಹೋಗಬೇಕಿತ್ತು. ಆದರೆ ನಾನು ಥಿಯೇಟರ್‌ನಲ್ಲಿ ಅನುಭವಿಸಿದ ಅತ್ಯುತ್ತಮ ಗಳಿಗೆ ಅದರಲ್ಲೇ ಇದೆ. ಅಣುಬಾಂಬ್ ಪರೀಕ್ಷೆಯ ದೃಶ್ಯದಲ್ಲಿ ಮೊದಲು ಬೆಳಕು ಬರುತ್ತದೆ. ಸದ್ದಿಲ್ಲ. ಉಸಿರಾಟ ಮಾತ್ರ ಕೇಳುತ್ತದೆ. ಬೆಂಕಿಯ ಮುದ್ದೆ ಮೇಲೇರುತ್ತಿದೆ, ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದಾರೆ, ಇನ್ನೂ ಸದ್ದಿಲ್ಲ. ಬೆಳಕಿಗಿಂತ ಸದ್ದು ನಿಧಾನ ಅಂತ ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೂ ಕಾಯುತ್ತಾ ಕಾಯುತ್ತಾ ಅದನ್ನೇ ಮರೆತುಬಿಡುತ್ತೇವೆ. ಆಮೇಲೆ ಅದು ಬಂದು ಬಡಿಯುತ್ತದೆ. ನನ್ನ ಪಕ್ಕದ ಸಾಲಿನಲ್ಲಿ ಯಾರೋ ನಿಜಕ್ಕೂ ‘ಅಮ್ಮಾ’ ಅಂದರು. ಇದೇ ದೃಶ್ಯವನ್ನು ಮನೆಯಲ್ಲಿ ಹಾಕಿದಾಗ ನಮ್ಮ ಭಾವ ರಿಮೋಟ್ ತೆಗೆದುಕೊಂಡು, ಮ್ಯೂಟ್ ಆಗಿದೆಯಾ ಅಂತ ನೋಡಿದರು!

ಅದೇ ವರ್ಷದ ‘ದಿ ಝೋನ್ ಆಫ್ ಇಂಟರೆಸ್ಟ್’ ಇನ್ನೂ ಒಳ್ಳೆಯ ಉದಾಹರಣೆ. ನಾಜಿಗಳು ಯಹೂದಿಗಳನ್ನು ಕೊಂದ ಆಶ್‌ವಿಟ್ಜ್ ಶಿಬಿರದ ಗೋಡೆಗೆ ಅಂಟಿಕೊಂಡ ಮನೆ, ಅದರಲ್ಲಿ ಶಿಬಿರದ ಅಧಿಕಾರಿಯ ಸಂಸಾರ. ಹೂದೋಟ, ಈಜುಕೊಳ, ಮಕ್ಕಳ ಆಟ. ಗೋಡೆಯಾಚೆಗಿನ ಕ್ರೌರ್ಯವನ್ನು ಕಣ್ಣಿಗೆ ತೋರಿಸುವುದೇ ಇಲ್ಲ. ಕೇಳಿಸುತ್ತಾರೆ ಅಷ್ಟೇ. ಹೂವಿನ ಗಿಡ ತೋರಿಸುತ್ತಿರುವಾಗ ಹಿಂದೆಲ್ಲೋ ಒಂದು ಕೂಗು, ಒಂದು ಗುಂಡಿನ ಸದ್ದು, ಬಿಡದೆ ಗುಂಯ್‌ಗುಡುವ ಯಂತ್ರ. ಮನೆಯಲ್ಲಿ ಫ್ಯಾನ್ ತಿರುಗುತ್ತಾ, ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಾ ಇದ್ದರೆ ನಿಮಗೆ ಸಿಗುವುದು ಒಂದು ಸಂಸಾರ ಮತ್ತು ಒಂದು ತೋಟ. ಸಿನಿಮಾ ನೋಡಿಯೂ ನೋಡದ ಹಾಗೆ. 2024ರ ಆಸ್ಕರ್‌ನಲ್ಲಿ ‘ಓಪನ್‌ಹೈಮರ್’ ಏಳು ಪ್ರಶಸ್ತಿ ಬಾಚಿಕೊಂಡರೂ ಧ್ವನಿಯ ಪ್ರಶಸ್ತಿ ಮಾತ್ರ ಈ ಸಿನಿಮಾಕ್ಕೇ ಹೋಯಿತು. ಸರಿಯಾಗಿಯೇ ಕೊಟ್ಟರು ಅಂತ ನನ್ನ ಅನಿಸಿಕೆ. ಅಂದಹಾಗೆ ಮೇಲಿನವರು ಹೇಳಿದ ‘ಡ್ಯೂನ್’ಗೂ ಮರುವರ್ಷ ಧ್ವನಿಗೇ ಆಸ್ಕರ್ ಬಂತು. ಅಲ್ಲೂ ನಮ್ಮನ್ನು ಕುರ್ಚಿಗೆ ಒತ್ತಿ ಹಿಡಿದಿದ್ದು ಹುಳದ ಗಾತ್ರಕ್ಕಿಂತ ಅದರ ಗುಡುಗು, ಅಲ್ವಾ?

ಎರಡನೇ ಅಳತೆ, ಪಕ್ಕದಲ್ಲಿ ಜನ ಬೇಕಾ ಬೇಡವಾ ಅನ್ನುವುದು. ‘ಸು ಫ್ರಮ್ ಸೋ’ದಲ್ಲಿ ದೊಡ್ಡ ಸೆಟ್ಟೂ ಇಲ್ಲ, ಗ್ರಾಫಿಕ್ಸೂ ಇಲ್ಲ. ಒಂದು ಊರು, ಒಬ್ಬ ಹುಡುಗನಿಗೆ ದೆವ್ವ ಹಿಡಿದಿದೆ ಅನ್ನುವ ಗುಲ್ಲು. ತುಂಬಿದ ಥಿಯೇಟರ್‌ನಲ್ಲಿ ನಗು ಎಷ್ಟಿತ್ತೆಂದರೆ ಮುಂದಿನ ಡೈಲಾಗ್ ಕೇಳುತ್ತಲೇ ಇರಲಿಲ್ಲ. ಅದರಲ್ಲಿನ ರವಿಯಣ್ಣನ ಪಾತ್ರ ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಆಮೇಲೆ ಮನೆಯಲ್ಲಿ ಒಬ್ಬನೇ ನೋಡಿದೆ. ಕೇಳಿಸದೇ ಹೋಗಿದ್ದ ಡೈಲಾಗ್‌ಗಳೆಲ್ಲ ಕೇಳಿಸಿದವು, ನಗು ಮಾತ್ರ ಅರ್ಧಕ್ಕೆ ಇಳಿಯಿತು. ಕಾಮಿಡಿ ಸಿನಿಮಾ ಮನೆಯಲ್ಲಿ ಸಾಕು ಅನ್ನುವವರ ಮಾತು ನಾನು ನಂಬುವುದಿಲ್ಲ.

‘ಲಾಪತಾ ಲೇಡೀಸ್’ ಇದಕ್ಕೆ ಉಲ್ಟಾ. ರೈಲಿನಲ್ಲಿ ಇಬ್ಬರು ಮದುವಣಗಿತ್ತಿಯರು ಅದಲು ಬದಲಾಗುವ ಕಥೆ, ತುಂಬಾ ಇಷ್ಟವಾಯಿತು. ಆದರೆ ಅದು ನಸುನಗುವಿನ ಸಿನಿಮಾ. ಥಿಯೇಟರ್‌ನಲ್ಲಿ ನೋಡಿದರೂ ಅಷ್ಟೇ, ಮನೆಯವರೆಲ್ಲ ಕೂತು ನೋಡಿದರೂ ಅಷ್ಟೇ. ಅದಕ್ಕೇ ಇರಬೇಕು, ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆಯೇ ಎಲ್ಲರ ಬಾಯಲ್ಲೂ ಅದರ ಮಾತು ಕೇಳಿಬಂತು.

ಮತ್ತೊಬ್ಬರು:

‘ಕಾಂತಾರ’ ಯಾರೂ ಹೇಳಲೇ ಇಲ್ಲವಲ್ಲ! 2022ರ ಮೊದಲನೆಯದು. ಅದರ ಕೊನೆಯ ಭಾಗದ ಆ ಕೂಗನ್ನು ಟೀವಿಯಲ್ಲಿ ಕೇಳಿದವರಿಗೆ ನಾವು ಯಾಕೆ ಅಷ್ಟು ಹೇಳುತ್ತೇವೆ ಅಂತ ಅರ್ಥವೇ ಆಗುವುದಿಲ್ಲ. ನಮ್ಮ ಶೋ ಮುಗಿದಾಗ ಯಾರೂ ತಕ್ಷಣ ಏಳಲಿಲ್ಲ. 2025ರ ‘ಚಾಪ್ಟರ್ 1’ ಕಣ್ಣಿಗೆ ಇನ್ನೂ ದೊಡ್ಡ ಹಬ್ಬ, ಯುದ್ಧದ ದೃಶ್ಯಗಳು ಜೋರಾಗಿವೆ. ಆದರೂ ಮೊದಲನೆಯದರಲ್ಲಿ ಬಂದ ರೋಮಾಂಚನ ನನಗೆ ಬರಲಿಲ್ಲ. ಮೊದಲರ್ಧದ ಹಾಸ್ಯವನ್ನು ಕತ್ತರಿಸಿದ್ದರೆ ಏನೂ ನಷ್ಟವಿರಲಿಲ್ಲ. ನಮ್ಮ ತಂಗಿ ಇದನ್ನು ಓದಿದರೆ ಜಗಳಕ್ಕೇ ಬರುತ್ತಾಳೆ, ಅವಳಿಗೆ ಎರಡನೆಯದೇ ಹೆಚ್ಚು.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ಥಿಯೇಟರ್‌ನಲ್ಲೇ ನೋಡಿದೆ. ಮೊದಲನೆಯದರಲ್ಲಿ ಎಲ್ಲೆಲ್ಲೂ ನೀಲಿ, ಎರಡನೆಯದರಲ್ಲಿ ಕೆಂಪು. ಕತ್ತಲಲ್ಲಿ ಕೂತರೆ ಆ ಬಣ್ಣ ಮೈಗೇ ಹತ್ತಿದ ಹಾಗಾಗುತ್ತದೆ. ಸೈಡ್ ಎ ಗೆ ಥಿಯೇಟರೇ ಸರಿ. ಸೈಡ್ ಬಿ ನೋಡುವಾಗ ನಡುವೆ ಎದ್ದು ಸ್ವಲ್ಪ ಓಡಾಡಿ ಬರೋಣ ಅನ್ನಿಸಿತು, ಅಷ್ಟು ಭಾರ.

ಇನ್ನೊಬ್ಬರು:

ಯಾವ ಸಿನಿಮಾ ಅನ್ನುವುದರ ಜೊತೆಗೆ ಯಾವ ಪರದೆ ಅನ್ನುವುದನ್ನೂ ನೋಡಿ. ತ್ರೀಡಿ ಕನ್ನಡಕ ಬೆಳಕನ್ನು ತಿಂದುಹಾಕುತ್ತದೆ, ರಾತ್ರಿಯ ದೃಶ್ಯಗಳೆಲ್ಲ ಮಂಕಾಗಿ ಕಾಣುತ್ತವೆ. ‘ಅವತಾರ್: ದಿ ವೇ ಆಫ್ ವಾಟರ್’ ಥರ ತ್ರೀಡಿಯಲ್ಲೇ ಚಿತ್ರೀಕರಿಸಿದ್ದಾದರೆ ಹಾಕಿಕೊಳ್ಳಿ. ಆಮೇಲೆ ತ್ರೀಡಿಗೆ ಬದಲಾಯಿಸಿದ್ದಾದರೆ ಸುಮ್ನೆ ಮಾಮೂಲಿ ಶೋಗೇ ಹೋಗಿ. ನಾನು ಮೊದಲೇ ಕನ್ನಡಕದವನು, ಕನ್ನಡಕದ ಮೇಲೆ ಕನ್ನಡಕ ಬೇರೆ.

ಐಮ್ಯಾಕ್ಸ್ ಅನ್ನುವ ದೊಡ್ಡ ಪರದೆಯಲ್ಲಿ ನಿಜವಾಗಿ ವ್ಯತ್ಯಾಸ ಕಂಡಿದ್ದು 2025ರ ‘ಸಿನ್ನರ್ಸ್’ನಲ್ಲಿ. ಅಗಲವಾದ ಪಟ್ಟಿಯಂತಿದ್ದ ಚಿತ್ರ ಕೆಲವು ಕಡೆ ಇದ್ದಕ್ಕಿದ್ದಂತೆ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಅದರಲ್ಲಿ ಹುಡುಗನೊಬ್ಬ ಗಿಟಾರ್ ಹಿಡಿದು ಹಾಡುವಾಗ, ಹಿಂದಿನ ಕಾಲದ ಕುಣಿತದವರೂ ಮುಂದಿನ ಕಾಲದ ಡಿಜೆಯೂ ಒಂದೇ ಕೋಣೆಗೆ ಬಂದು ಸೇರುತ್ತಾರೆ. ರಕ್ತಪಿಶಾಚಿ ಸಿನಿಮಾ ಅಂತ ಹೋದವನು ಆ ಹಾಡಿಗೋಸ್ಕರ ಇನ್ನೊಮ್ಮೆ ಹೋದೆ.

ಮತ್ತೆ, ದಯವಿಟ್ಟು ಮುಂದಿನ ಸಾಲು ಬೇಡ. ಮಧ್ಯಕ್ಕಿಂತ ಸ್ವಲ್ಪ ಹಿಂದೆ, ನಡುಭಾಗದಲ್ಲಿ ಕೂತರೆ ಎರಡೂ ಕಡೆಯ ಸ್ಪೀಕರ್ ಸಮನಾಗಿ ಕೇಳುತ್ತದೆ.

ಮಕ್ಕಳ ತಾಯಿಯೊಬ್ಬರು:

ನಮ್ಮ ಮನೆಯಲ್ಲಿ ಆರಿಸುವವರು ಮಕ್ಕಳು, ನಾವು ಹಿಂದೆ ಹೋಗುವವರು. ಹಾಗಿದ್ದೂ ಒಂದು ಹೇಳುತ್ತೇನೆ. ಲಾಟ್ವಿಯಾದ ‘ಫ್ಲೋ’ ಅಂತ ಅನಿಮೇಷನ್ ಸಿನಿಮಾ. ಪ್ರವಾಹ ಬಂದು ಎಲ್ಲಾ ಮುಳುಗಿದಾಗ ಒಂದು ಬೆಕ್ಕು ದೋಣಿ ಹತ್ತುತ್ತದೆ. ಇಡೀ ಸಿನಿಮಾದಲ್ಲಿ ಒಂದು ಮಾತೂ ಇಲ್ಲ. ಮಕ್ಕಳು ಬೇಸರಪಡುತ್ತಾರೆ ಅಂದುಕೊಂಡಿದ್ದೆ. ಸಬ್‌ಟೈಟಲ್ ಓದುವ ಕಾಟವಿಲ್ಲದೆ ಚಿಕ್ಕವನು ಬೆಕ್ಕಿನ ಡೈಲಾಗೆಲ್ಲ ತಾನೇ ಪಿಸುಗುಟ್ಟುತ್ತಾ ಕೂತ. ಹಿಂದಿನ ಸಾಲಿನವರು ಪುಣ್ಯಕ್ಕೆ ಏನೂ ಅನ್ನಲಿಲ್ಲ. ಸದ್ದು, ನಿಶ್ಶಬ್ದ ಅಂತ ಮೇಲೊಬ್ಬರು ಹೇಳಿದ್ದಾರಲ್ಲ, ಅದು ಇದಕ್ಕೂ ಸರಿಹೋಗುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ‘ಕಿವಿಯಿಂದ ಆರಿಸುವುದು’ ನನಗೆ ಹಿಡಿಸಿತು. ಆದರೆ ನೋಡುವ ಮೊದಲೇ ಸದ್ದು ಹೇಗಿರುತ್ತದೆ ಅಂತ ತಿಳಿಯುವುದು ಹೇಗೆ? ಮತ್ತೆ, ನಿಧಾನವಾದ ಸಿನಿಮಾಗಳಿಗೆ ಥಿಯೇಟರ್ ದಂಡ ಅಲ್ವಾ?

ಕಿವಿಯ ಮಾತು ಹೇಳಿದವರು:

ಟ್ರೇಲರನ್ನು ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಒಮ್ಮೆ ಕೇಳಿ. ಬರೀ ಢಂ ಢಂ ಇದ್ದರೆ ಸಿನಿಮಾವೂ ಬಹುಶಃ ಹಾಗೇ. ನಡುವೆ ಎಲ್ಲಾದರೂ ನಿಲ್ಲಿಸಿ ಕಾಯಿಸಿದರೆ ಟಿಕೆಟ್ ತೆಗೆದುಕೊಳ್ಳಿ. ಪಕ್ಕಾ ವಿಧಾನವಲ್ಲ, ಆದರೆ ನನಗೆ ಸಾಕಷ್ಟು ಸಲ ಸರಿಹೋಗಿದೆ. ಒಂದೇ ಟ್ರೇಲರ್ ಸಾಕು, ಎರಡನೆಯದರಲ್ಲಿ ಅರ್ಧ ಕಥೆ ಹೇಳಿಬಿಡುತ್ತಾರೆ.

ನಿಧಾನದ ಸಿನಿಮಾ ದಂಡವಲ್ಲ, ಅದಕ್ಕೇ ಥಿಯೇಟರ್ ಬೇಕು. ‘ಪರ್ಫೆಕ್ಟ್ ಡೇಸ್’ನಲ್ಲಿ ಟೋಕಿಯೊದ ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಗಿಡಕ್ಕೆ ನೀರು ಹಾಕಿ, ಸಾರ್ವಜನಿಕ ಶೌಚಾಲಯಗಳನ್ನು ತೊಳೆದು ಬರುತ್ತಾನೆ. ಮಾರನೇ ದಿನವೂ ಅದೇ. ಮನೆಯಲ್ಲಾದರೆ ಕಾಲು ಗಂಟೆಯಲ್ಲಿ ನಾನು ಫೋನ್ ಎತ್ತಿಕೊಳ್ಳುತ್ತಿದ್ದೆ. ಅಲ್ಲಿ ಫೋನ್ ಜೇಬಿನಲ್ಲಿತ್ತು, ಕತ್ತಲಿತ್ತು, ಎದ್ದು ಹೋಗಲು ಏಳೆಂಟು ಜನರ ಮೊಣಕಾಲು ದಾಟಬೇಕಿತ್ತು. ಹಾಗಾಗಿ ಕೂತೆ. ಮೂರನೇ ಬೆಳಗಿನ ಹೊತ್ತಿಗೆ ಅವನು ಇವತ್ತು ಕಾರಿನಲ್ಲಿ ಯಾವ ಕ್ಯಾಸೆಟ್ ಹಾಕುತ್ತಾನೆ ಅಂತ ಕಾಯತೊಡಗಿದ್ದೆ. ಇಂಥದ್ದಕ್ಕೆ ಜನ ಕಡಿಮೆ ಇರುವ ವಾರದ ನಡುವಿನ ಶೋ ನೋಡಿಕೊಳ್ಳಿ. ಕಾಮಿಡಿಗಾದರೆ ಭಾನುವಾರದ ನೂಕುನುಗ್ಗಲೇ ಇರಲಿ.