ಸಹಾಯ ಬೇಕು: ಸೂಪರ್ ಮಾರ್ಕೆಟ್‌ನ ಅಗ್ಗದ ಉಳಿ ತಗೊಳ್ಳಬಹುದಾ?

ಬಡಿಗತನ ಗೊತ್ತಿರುವ ಅಣ್ಣಂದಿರು, ಕಾಕಾಗಳು ದಯವಿಟ್ಟು ಹೇಳಿ. ಬೆಳಗಾವಿಯ ಒಂದು ರಿಯಾಯಿತಿ ಸೂಪರ್ ಮಾರ್ಕೆಟ್‌ನಲ್ಲಿ ಉಳಿಗಳ ಸೆಟ್ ಭಾಳ ಅಗ್ಗಕ್ಕೆ ಸಿಗುತ್ತಿದೆ. ಮೇಲೆ ‘ಕ್ರೋಮ್ ವೆನೇಡಿಯಂ’ ಅಂತ ಬರೆದಿದೆ. ಆದರೆ ಉಕ್ಕಿನ ಹೆಸರೊಂದೇ ಸಾಲದು, ಹದ ಸರಿಯಾಗಿ ಕೊಟ್ಟಿರಬೇಕು ಅಲ್ವಾ? ಮೆತ್ತಗಿದ್ದರೆ ಬಾಯಿ ಮಡಚುತ್ತದೆ, ಗಡಸು ಜಾಸ್ತಿಯಾದರೆ ಚಕ್ಕೆ ಏಳುತ್ತದೆ. ಹಿಂಬದಿ ಸಪಾಟಾಗಿದೆಯಾ ಅಂತ ಸ್ಕೇಲ್ ಇಟ್ಟು ನೋಡಬಹುದು. ಹದವನ್ನು ಅಂಗಡಿಯಲ್ಲೇ ನಿಂತು ಗುರುತಿಸುವುದು ಹೇಗೆ?

ಅಜ್ಜನ ಕಾಲದ ಸಾಗವಾನಿ ಬಾಗಿಲ ಚೌಕಟ್ಟನ್ನು ನಾನೇ ರಿಪೇರಿ ಮಾಡಬೇಕು ಅಂತ ಆಸೆ. ಅದಕ್ಕೆ ಪೆಟ್ಟಾಗಬಾರದು. 25 ಡಿಗ್ರಿಗೆ ಮಸೆದು, ತುದಿಗೆ ಮಾತ್ರ 30 ಕೊಟ್ಟರೆ ಈ ಉಳಿ ತಾಳುತ್ತದಾ? ಇಲ್ಲಾಂದ್ರೆ ಖಡೇಬಜಾರ್ ಕಡೆ ಹೋಗಿ ಒಂದೇ ಒಳ್ಳೆ ಉಳಿ, ಜೊತೆಗೊಂದು ಸಾಣೆಕಲ್ಲು ತರುವುದು ಮೇಲಾ? ಬಳಸಿ ನೋಡಿದವರು ತಿಳಿಸಿ.